ಹಿಂಡಿಯಿಂದ ಹಾಳೆ ಮಾಡಿದ ಮಳೆಗಾಲ

ಕಳೆದ ವಾರ ಮಂಜೇಶ್ವರದಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಎದುರಿನ ಎಣ್ಣೆ ಮಿಲ್ಲಿನಿಂದ ಒಂದು ಪಿಕಪ್ ಹೊರಗೆ ಬಂತು. ಅದರಲ್ಲಿ ತೆಂಗಿನ ಹಿಂಡಿಯ ಗೋಣಿಗಳು. ಟಾರ್ಪಲ್ ಸರಿಯಾಗಿ ಕಟ್ಟಿರಲಿಲ್ಲ, ಮಳೆ ಹನಿ ಬಿದ್ದು ಗೋಣಿ ಅಲ್ಲಲ್ಲಿ ಕಪ್ಪಾಗಿತ್ತು. ಬಿಸಿ ಹಿಂಡಿಗೆ ನೀರು ತಾಗಿದರೆ ಒಂದು ವಾಸನೆ ಬರುತ್ತದೆ, ಅರ್ಧ ಎಣ್ಣೆಯದ್ದು, ಅರ್ಧ ಸೀದ ಕೊಬ್ಬರಿಯದ್ದು. ನಿಲ್ದಾಣದಲ್ಲಿದ್ದ ಯಾರೂ ತಲೆ ಎತ್ತಲಿಲ್ಲ. ನಾನು ಮಾತ್ರ ಪಿಕಪ್ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಾ ನಿಂತೆ. ನನ್ನ ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ.

ನಾಲ್ಕು ಮಳೆಗಾಲದ ಹಿಂದೆ ಆ ವಾಸನೆ ನನ್ನ ಕೂದಲಲ್ಲಿ, ದುಪಟ್ಟಾದಲ್ಲಿ, ಊಟದ ಡಬ್ಬಿಯಲ್ಲಿ ಎಲ್ಲ ಕಡೆ ಇರುತ್ತಿತ್ತು. ಎಂ.ಎಸ್ಸಿ. ಮುಗಿಸಿ ಕಾಸರಗೋಡಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಪ್ರಾಜೆಕ್ಟ್ ಸಹಾಯಕಿಯಾಗಿ ಸೇರಿದ್ದೆ. ವರ್ಕಾಡಿಯ ನಮ್ಮ ಮನೆಯಿಂದ ಬೆಳಿಗ್ಗೆ ಜೀಪು, ಆಮೇಲೆ ಬಸ್ಸು. ಪ್ರಾಜೆಕ್ಟಿನ ಉದ್ದೇಶ ಕೇಳಲು ಸುಲಭ. ಎಣ್ಣೆ ತೆಗೆದ ಮೇಲೆ ಉಳಿಯುವ ತೆಂಗಿನ ಹಿಂಡಿಯಲ್ಲಿ ಪ್ರೋಟೀನ್ ಉಂಟು. ಅದನ್ನು ಬೇರ್ಪಡಿಸಿ, ಕಾಗದಕ್ಕಿಂತ ತೆಳ್ಳಗಿನ ಹಾಳೆ ಮಾಡಿ, ತಿಂಡಿ ಸುತ್ತುವ ಪ್ಲಾಸ್ಟಿಕ್ಕಿನ ಬದಲಿಗೆ ಬಳಸಬೇಕು. ಎಸೆದರೆ ಎರಡು ವಾರದಲ್ಲಿ ಮಣ್ಣಾಗಬೇಕು.

ಪ್ರಾಜೆಕ್ಟ್ ಈಶ್ವರ ಭಟ್ ಸರ್ ಅವರದ್ದು. ಮರುವರ್ಷ ಮಾರ್ಚಿಗೆ ಅವರ ನಿವೃತ್ತಿಯಿತ್ತು. ಮಳೆಗಾಲ ಪೂರ್ತಿ ಪ್ಯಾಂಟನ್ನು ಎರಡು ಮಡಿಕೆ ಮೇಲಕ್ಕೆ ಮಡಚಿ, ಹವಾಯಿ ಚಪ್ಪಲಿ ಹಾಕಿಕೊಂಡು ಲ್ಯಾಬಿನಲ್ಲಿ ಓಡಾಡುವ ಮನುಷ್ಯ. ಆಫೀಸಿನವರ ಹತ್ತಿರ ಮಲಯಾಳ, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು. ಮೂವತ್ತು ವರ್ಷ ಪಾಠ ಮಾಡಿದ್ದಾರೆ, ಇದೊಂದೇ ಅವರ ಸ್ವಂತ ಸಂಶೋಧನೆ. "ಕೊನೆಗಾದರೂ ಒಂದು ಉಪಯೋಗದ ಕೆಲಸ ಮಾಡಿ ಹೋಗಬೇಕು" ಎಂದು ಒಮ್ಮೆ ಕ್ಯಾಂಟೀನಿನಲ್ಲಿ ಹೇಳಿದ್ದರು.

ತೊಂದರೆ ಏನೆಂದರೆ ಹಾಳೆಗೆ ನೀರು ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ಮಾಡಿದ ಹಾಳೆ ಒಣಗಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಗ್ಲಿಸರಿನ್ ಹೆಚ್ಚು ಹಾಕಿ ಮೆದು ಮಾಡಿದರೆ, ಮೊದಲ ಮಳೆ ಬಂದು ಗಾಳಿಯಲ್ಲಿ ತೇವ ಏರಿದ ಕೂಡಲೇ ಅಂಟಂಟಾಗಿ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ನೀರಿನ ಬಟ್ಟಲಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಗಂಜಿ. ಇದಕ್ಕೆ ಮದ್ದು ಒಂದು ಕಿಣ್ವ. ಅದು ಪ್ರೋಟೀನಿನ ಒಂದು ಎಳೆಯನ್ನು ಇನ್ನೊಂದಕ್ಕೆ ಗಟ್ಟಿಯಾಗಿ ಹೊಲಿಯುತ್ತದೆ. ಹೊಲಿದ ಎಳೆಗಳು ನೀರಿಗೆ ಬೇಗ ಬಿಡುವುದಿಲ್ಲ. ನಾವು ತರಿಸಿದ್ದ ಶುದ್ಧ ಕಿಣ್ವ ಎಲ್ಲೋ ಬಂದರಿನಲ್ಲಿ ಸಿಕ್ಕಿಕೊಂಡು ಎರಡು ತಿಂಗಳಾದರೂ ಬರಲಿಲ್ಲ. ಜುಲೈ ಕೊನೆಗೆ ಪರಿಶೀಲನಾ ಸಮಿತಿ ಬರುವುದಿತ್ತು. ಹಾಳೆ ನೀರಿನಲ್ಲಿ ನಿಲ್ಲದಿದ್ದರೆ ಪ್ರಾಜೆಕ್ಟ್ ಅಲ್ಲಿಗೆ ಮುಗಿಯಿತು.

ಜೂನ್ ಮೊದಲ ವಾರ ಸರ್ ಒಬ್ಬ ಡೀಲರನಿಗೆ ಫೋನ್ ಮಾಡಿದರು. "ಅದೇ ಕಿಣ್ವ ಸರ್, ಆಹಾರದ ಫ್ಯಾಕ್ಟರಿಯವರು ಕೊಂಡುಹೋಗುವುದು, ನಾಳೆಯೇ ಕಳಿಸ್ತೇನೆ" ಎಂದ. ಬಂದದ್ದು ಒಂದು ಬಿಳಿ ಪೊಟ್ಟಣ. ಮೇಲೆ ಕಿಣ್ವದ ಹೆಸರು, ಒಂದು ಬ್ಯಾಚ್ ನಂಬ್ರ, ಮತ್ತೇನಿಲ್ಲ. ಕತ್ತರಿಸಿ ನೋಡಿದರೆ ಹಾಲಿನ ಪುಡಿಯಂತಹ ತೆಳು ಕೆನೆಬಣ್ಣದ ಪುಡಿ. ನಾನು ಪುಸ್ತಕದಲ್ಲಿ ಹೆಸರು ಬರೆದುಕೊಂಡೆ, ನಂಬ್ರ ಬರೆದುಕೊಂಡೆ. ಒಳಗೆ ಇನ್ನೇನಿದೆ ಎಂದು ಕೇಳಲಿಲ್ಲ. ಈಗಲೂ ಆ ಪುಟ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನೀಲಿ ಪೆನ್ನು, ಚಂದದ ಅಕ್ಷರ.

ಆ ಪುಡಿ ಹಾಕಿ ಮಾಡಿದ ಮೊದಲ ಹಾಳೆಯನ್ನು ಗಾಜಿನ ತಟ್ಟೆಯಿಂದ ಎಬ್ಬಿಸುವಾಗಲೇ ಬೇರೆ ಅನ್ನಿಸಿತು. ಎಳೆದರೆ ಹಿಗ್ಗಿತು, ಬಿಟ್ಟರೆ ಹಿಂದೆ ಬಂತು. ಒಂದು ತುಂಡು ಕತ್ತರಿಸಿ ನೀರಿಗೆ ಹಾಕಿ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ತುಂಡು ಹಾಗೆಯೇ ಇತ್ತು. ಸರ್ ಚಿಮಟದಲ್ಲಿ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನೀರು ತೊಟ್ಟಿಕ್ಕಿತು, ಹಾಳೆ ಹರಿಯಲಿಲ್ಲ.

"ನೋಡು ಮಾರಾಯ್ತಿ," ಎಂದರು, ಅಷ್ಟೇ. ಆಮೇಲೆ ಚಷ್ಮಾ ತೆಗೆದು ಬಹಳ ಹೊತ್ತು ಒರೆಸಿದರು.

ಇನ್ನು ಉಳಿದದ್ದು ಹೊರಗಿನ ಪರೀಕ್ಷೆ. ನಿಜವಾದ ತಿಂಡಿಯನ್ನು ನಿಜವಾದ ಮಳೆಗಾಲದಲ್ಲಿ ಈ ಹಾಳೆಯಲ್ಲಿ ಕಟ್ಟಿಟ್ಟು, ಹತ್ತು ದಿನದಲ್ಲಿ ಎಷ್ಟು ತೇವ ಹೀರಿತು ನೋಡುವುದು. ನಾನೇ ಮುಂದೆ ಬಿದ್ದು ನಮ್ಮೂರಿನ ಹೆಸರು ಹೇಳಿದೆ. ವರ್ಕಾಡಿಯಲ್ಲಿ ಲಲಿತಕ್ಕ ಎಂಬವರು ಆರೇಳು ಹೆಂಗಸರನ್ನು ಸೇರಿಸಿಕೊಂಡು ಕಾಯಿ ಮಿಠಾಯಿ ಮಾಡುತ್ತಿದ್ದರು. ತುರಿದ ಕಾಯಿ, ಬೆಲ್ಲ, ಏಲಕ್ಕಿ. ಮೊದಲು ಅವರು ನನ್ನ ಅಮ್ಮನ ಜೊತೆ ಬೀಡಿ ಕಟ್ಟುತ್ತಿದ್ದವರು, ನನ್ನನ್ನು ಸಣ್ಣದರಿಂದ ಬಲ್ಲವರು.

"ಹಿಂಡಿಯಿಂದ ಹಾಳೆಯಾ? ಪಾಳೆ ತಟ್ಟೆ ಹಾಗೆಯಾ?" ಎಂದು ಲಲಿತಕ್ಕ ಕೇಳಿದರು. ಅಡಿಕೆ ಹಾಳೆಗೆ ನಮ್ಮ ತುಳುವಿನಲ್ಲಿ ಪಾಳೆ ಎನ್ನುತ್ತಾರೆ. ಅಲ್ಲ ಎಂದು ನಾನು ಒಂದು ತುಂಡು ಕೈಗೆ ಕೊಟ್ಟೆ. ಹೆಂಗಸರು ಒಬ್ಬರಿಂದ ಒಬ್ಬರಿಗೆ ದಾಟಿಸಿ, ಮೂಸಿ, ಬೆಳಕಿಗೆ ಹಿಡಿದು ನೋಡಿದರು. ಅವರಲ್ಲಿ ಒಬ್ಬಳು ಝೊಹರಾ. ಬ್ಯಾರಿ ಮುಸ್ಲಿಮರ ಮನೆಯವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಗಂಡ ದುಬೈಯಲ್ಲಿ. ಅತ್ತೆಯ ಮಾತು ಮೀರಿ ಕೆಲಸಕ್ಕೆ ಬರುತ್ತಿದ್ದಳು. ನಾನು ಪಾಠ ಮಾಡುವವಳಲ್ಲ ಎಂದು ಎಷ್ಟು ಹೇಳಿದರೂ ಎಲ್ಲರಿಗೂ ನಾನು ಟೀಚರ್.

"ಟೀಚರ್, ಇದರಲ್ಲಿ ಹಾಲಿನದ್ದು ಎಂತಾದರೂ ಉಂಟಾ?" ಎಂದು ಝೊಹರಾ ಕೇಳಿದಳು.

ಅವಳ ಮಗಳು ಫಿದಾಳಿಗೆ ಏಳು ವರ್ಷ. ಹಾಲು ಆಗುವುದಿಲ್ಲ. ಆಗುವುದಿಲ್ಲ ಅಂದರೆ ಹೊಟ್ಟೆನೋವು, ವಾಂತಿ ಅಷ್ಟೇ ಅಲ್ಲ. ಎರಡು ವರ್ಷದವಳಿದ್ದಾಗ ಯಾರದೋ ಮದುವೆಯಲ್ಲಿ ಒಂದು ಚಮಚ ಪಾಯಸ ತಿಂದು ಉಸಿರು ಸಿಕ್ಕಿಕೊಂಡು ಆಸ್ಪತ್ರೆ ಸೇರಿದ್ದಳಂತೆ. ಅಂದಿನಿಂದ ಬಿಸ್ಕತ್ತಿಲ್ಲ, ಚಾಕಲೇಟಿಲ್ಲ, ಬೇಕರಿಯದ್ದು ಯಾವುದೂ ಇಲ್ಲ. ಹೆದರದೆ ತಿನ್ನಬಹುದಾದ ಸಿಹಿ ಅವಳಿಗೆ ಇದ್ದದ್ದು ಈ ಕಾಯಿ ಮಿಠಾಯಿ ಒಂದೇ. ಝೊಹರಾ ಈ ಕೆಲಸಕ್ಕೆ ಸೇರಿದ್ದೂ ಅದಕ್ಕೇ. ತನ್ನ ಕೈಯಾರೆ ಮಾಡಿದರೆ ಒಳಗೆ ಏನು ಬಿದ್ದಿದೆ ಎಂದು ಗೊತ್ತಿರುತ್ತದಲ್ಲ.

"ಹಾಲಾ? ಇಲ್ಲಪ್ಪ," ಎಂದೆ ನಾನು. "ಕಾಯಿಯ ಸತ್ವ, ಗ್ಲಿಸರಿನ್, ಸ್ವಲ್ಪ ಕಿಣ್ವ. ಬೇಕಾದರೆ ಹಾಳೆ ಸಮೇತ ತಿನ್ನಬಹುದು."

ತಿನ್ನಿಸಿ ನೋಡಲಿಕ್ಕೆ ನಮಗೆ ಅನುಮತಿಯೇ ಇರಲಿಲ್ಲ. ಕಟ್ಟಿ ಇಡುವುದು, ತೂಕ ನೋಡುವುದು, ಅಷ್ಟೇ ನಮ್ಮ ಪರೀಕ್ಷೆ. ಕೊನೆಯ ಆ ಮಾತು ಯಾಕೆ ಹೇಳಿದೆ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಹೆಮ್ಮೆ. ನಮ್ಮೂರಿನ ಹೆಂಗಸರ ಎದುರು, ನಾನು ಮಾಡಿದ ವಸ್ತು ಎಷ್ಟು ಶುದ್ಧ ಎಂದು ತೋರಿಸುವ ಆಸೆ. ಬೇರೆ ಕಾರಣ ಸಿಕ್ಕಿಲ್ಲ.

ಜುಲೈ ಎರಡನೆಯ ವಾರ ಮಳೆ ಹಿಡಿದದ್ದು ಬಿಡಲೇ ಇಲ್ಲ. ಪರೀಕ್ಷೆಯ ಏಳನೆಯ ದಿನ ಕಲೆಕ್ಟರು ಶಾಲೆಗಳಿಗೆ ರಜೆ ಕೊಟ್ಟಿದ್ದರು. ನಾನು ತೂಕದ ಯಂತ್ರ ಹಿಡಿದುಕೊಂಡು ಲಲಿತಕ್ಕನ ಶೆಡ್ಡಿಗೆ ಹೋದಾಗ ಫಿದಾ ಅಲ್ಲೇ ಇದ್ದಳು. ರಜೆ ಎಂದು ತಾಯಿಯ ಜೊತೆ ಬಂದಿದ್ದಳು. ಹಾಳೆ ಚೆನ್ನಾಗಿ ನಿಂತಿತ್ತು. ಒಂದೊಂದೇ ಪೊಟ್ಟಣ ತೂಗಿ ಬರೆದುಕೊಳ್ಳುತ್ತಾ ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ದಿನಕ್ಕಿಷ್ಟು ಎಂದು ತೆಗೆದು ತೂಗಿ ಮುಗಿದ ಪೊಟ್ಟಣಗಳನ್ನು ಹೆಂಗಸರು ಹಂಚಿಕೊಂಡರು. ಫಿದಾ ತನ್ನ ಪಾಲಿನದ್ದನ್ನು ಬಿಚ್ಚದೆ, ಹಾಳೆಯ ಸಮೇತ ಬಾಯಿಗೆ ಹಾಕಿಕೊಂಡಳು. ಝೊಹರಾ ನೋಡಿದಳು, ನಾನೂ ನೋಡಿದೆ. ಇಬ್ಬರೂ ನಕ್ಕೆವು.

ಐದು ನಿಮಿಷ ಆಗಿರಬಹುದು. ಫಿದಾ ತುಟಿ ಉಜ್ಜಿಕೊಳ್ಳತೊಡಗಿದಳು. "ಉಮ್ಮಾ, ತುರಿಸ್ತದೆ" ಎಂದಳು. ಮೇಲಿನ ತುಟಿ ಒಂದು ಕಡೆ ಉಬ್ಬಿತ್ತು. ಕತ್ತಿನ ಮೇಲೆ ಸೊಳ್ಳೆ ಕಚ್ಚಿದ ಹಾಗೆ ಕೆಂಪು ದದ್ದು ಎದ್ದು, ನೋಡುತ್ತಿದ್ದ ಹಾಗೆಯೇ ಒಂದಕ್ಕೊಂದು ಕೂಡಿಕೊಂಡಿತು. ಆಮೇಲೆ ಕೆಮ್ಮು. ಕೆಮ್ಮಿನ ನಡುವೆ ಉಸಿರು ಎಳೆಯುವಾಗ ಸಣ್ಣಗೆ ಸೀಟಿ ಹೊಡೆದ ಸದ್ದು.

ಝೊಹರಾ ಕಿರುಚಲಿಲ್ಲ. ಮಗುವನ್ನು ಎತ್ತಿಕೊಂಡು ಮಳೆಗೆ ಓಡಿದಳು. ಲಲಿತಕ್ಕ ರಸ್ತೆಯ ನಡುವೆ ನಿಂತು ಬರುತ್ತಿದ್ದ ಸರ್ವೀಸ್ ಜೀಪಿಗೆ ಅಡ್ಡ ಹಾಕಿದರು. ಒಳಗಿದ್ದ ಜನ ಒಂದು ಮಾತಾಡದೆ ಇಳಿದುಬಿಟ್ಟರು. ಝೊಹರಾ, ಮಗು, ನಾನು ಹತ್ತಿದೆವು. ಕೆಳಗಿನ ಗದ್ದೆ ಬಯಲಿನ ಹತ್ತಿರ ತೋಡು ಉಕ್ಕಿ ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಡ್ರೈವರ್ ಬಾಬಣ್ಣ ಬ್ರೇಕ್ ಹಾಕಿದ.

"ಎಷ್ಟು ಆಳ ಉಂಟು ಗೊತ್ತಾಗುದಿಲ್ಲ," ಎಂದ.

"ಹೋಗಿ," ಎಂದಳು ಝೊಹರಾ.

"ಮಗಳೇ, ಎಂಜಿನಿಗೆ ನೀರು ಹೊಕ್ಕರೆ ನಡುವಿನಲ್ಲೇ..."

"ಹೋಗಿ ಬಾಬಣ್ಣ. ಇಲ್ಲಿ ನಿಂತರೂ ಇವಳು ಉಳಿಯುದಿಲ್ಲ."

ಬಾಬಣ್ಣ ಹೋದ. ಬಾಗಿಲ ಕೆಳಗಿನಿಂದ ನೀರು ಒಳಗೆ ಬಂದು ನಮ್ಮ ಪಾದ ಮುಳುಗಿತು. ಫಿದಾಳ ಕಣ್ಣು ತೆರೆದೇ ಇತ್ತು. ಅವಳು ಅಳುತ್ತಿರಲಿಲ್ಲ, ಅಳಲು ಉಸಿರು ಬೇಕಲ್ಲ. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಉಗುರು ನೀಲಿಯಾಗುತ್ತಿದೆಯೇ, ಮೋಡದ ಬೆಳಕಿಗೆ ಹಾಗೆ ಕಾಣುತ್ತಿದೆಯೇ ತಿಳಿಯಲಿಲ್ಲ.

ಮಂಜೇಶ್ವರದ ರಸ್ತೆಯಲ್ಲಿ ಮೊದಲು ಸಿಕ್ಕಿದ ಕ್ಲಿನಿಕ್ಕಿನ ಎದುರು ಜೀಪು ನಿಂತಿತು. ಅಲ್ಲಿದ್ದ ವಯಸ್ಸಾದ ಡಾಕ್ಟರು ಒಂದು ನೋಟ ನೋಡಿದವರೇ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಆಕ್ಸಿಜನ್ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಇಂಜೆಕ್ಷನ್. ಸೀಟಿಯ ಸದ್ದು ನಿಧಾನವಾಗಿ ಸಣ್ಣದಾಯಿತು. ಫಿದಾ ಜೋರಾಗಿ ಅತ್ತಳು. ಆ ಅಳು ಕೇಳಿ ಡಾಕ್ಟರು ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತರು.

"ಎಂತ ತಿಂದದ್ದು? ಹಾಲಿನದ್ದಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ. ಕಾಯಿ ಮಿಠಾಯಿ ಮಾತ್ರ. ಯಾವಾಗಲೂ ತಿನ್ನುದೇ. ಅದಕ್ಕೆ ಸುತ್ತಿದ ಹಾಳೆಯೂ ಕಾಯಿದ್ದೇ. ಅಲ್ವಾ ಟೀಚರ್?"

ನಾನು ತಲೆಯಾಡಿಸಿದೆ.

"ಹಾಗಾದರೆ ಈಗ ಕಾಯಿಯೂ ಆಗದೆ ಹೋಗಿರಬಹುದು," ಎಂದರು ಡಾಕ್ಟರು. "ದೊಡ್ಡ ಪರೀಕ್ಷೆ ಆಗುವವರೆಗೆ ಕಾಯಿ ಮುಟ್ಟಿಸಬೇಡಿ." ಅಲ್ಲಿಂದ ಆಂಬುಲೆನ್ಸಿನಲ್ಲಿ ತಾಯಿ ಮಗಳನ್ನು ಮಂಗಳೂರಿನ ಆಸ್ಪತ್ರೆಗೆ ಕಳಿಸಿದರು. ಎರಡು ದಿನ ಇಟ್ಟುಕೊಂಡು ಮನೆಗೆ ಬಿಟ್ಟರು.

ಆಂಬುಲೆನ್ಸ್ ಹೋದ ಮೇಲೆ ನಾನು ಒದ್ದೆ ಬಟ್ಟೆಯಲ್ಲೇ ನಿಂತಿದ್ದೆ. ತಲೆಯಲ್ಲಿ ಆ ಕೆನೆಬಣ್ಣದ ಪುಡಿ ಸುತ್ತುತ್ತಿತ್ತು. ಶುದ್ಧ ಕಿಣ್ವ ಅಷ್ಟು ಪುಡಿಪುಡಿಯಾಗಿ, ಅಷ್ಟೊಂದು ಇರುವುದಿಲ್ಲ. ಅದನ್ನು ಏನಕ್ಕೋ ಬೆರೆಸಿಯೇ ಮಾರುತ್ತಾರೆ. ಏನಕ್ಕೆ? ಓದಿದವಳು ನಾನು, ಈ ಪ್ರಶ್ನೆ ಪೊಟ್ಟಣ ಕತ್ತರಿಸಿದ ದಿನವೇ ಏಳಬೇಕಿತ್ತು.

ಮರುದಿನ ಡೀಲರನಿಗೆ ಫೋನ್ ಮಾಡಿದೆ. "ಅದೆಲ್ಲ ಕಂಪೆನಿಯ ಗುಟ್ಟು ಮೇಡಂ" ಎಂದು ನಕ್ಕ. ಮತ್ತೆ ಮಾಡಿದೆ, ಎತ್ತಲಿಲ್ಲ. ಮಂಗಳವಾರ ಆಫೀಸಿನ ಫೋನಿನಿಂದ ಮಾಡಿ, ಒಂದು ಮಗು ಆಸ್ಪತ್ರೆ ಸೇರಿದೆ ಎಂದೆ. ಸಂಜೆಯೊಳಗೆ ಒಂದು ಮೇಲ್ ಬಂತು. ಮಾತಿಲ್ಲ, ಒಂದು ಪಟ್ಟಿ ಮಾತ್ರ. ಅದರಲ್ಲಿ ಕಿಣ್ವ ಕೊನೆಯ ಸಾಲಿನಲ್ಲಿತ್ತು. ಮೊದಲ ಸಾಲಿನಲ್ಲಿ, ಎಲ್ಲಕ್ಕಿಂತ ಹೆಚ್ಚು ಪಾಲಿನಲ್ಲಿ ಇದ್ದದ್ದು ಕೇಸಿನೇಟ್. ಹಾಲಿನ ಪ್ರೋಟೀನ್.

ಸರ್ ಅವರಿಗೆ ತೋರಿಸಲು ಪಟ್ಟಿಯನ್ನು ಪ್ರಿಂಟ್ ತೆಗೆದೆ. ಆಗ ಇನ್ನೊಂದು ಸಂಗತಿಯೂ ಹೊಳೆಯಿತು. ಈ ಕಿಣ್ವಕ್ಕೆ ಹಾಲಿನ ಪ್ರೋಟೀನ್ ಎಂದರೆ ಬಹಳ ಇಷ್ಟ, ಅದನ್ನು ಹೊಲಿದಷ್ಟು ಚೆನ್ನಾಗಿ ಅದು ಬೇರೆ ಯಾವುದನ್ನೂ ಹೊಲಿಯುವುದಿಲ್ಲ. ನೀರಿನಲ್ಲಿ ನಿಂತ ನಮ್ಮ ಹಾಳೆ, ಎಳೆದರೆ ಹಿಂದೆ ಬರುವ ನಮ್ಮ ಹಾಳೆ, ತೆಂಗಿನ ಬಲದಿಂದ ಎಷ್ಟು ನಿಂತಿತ್ತೋ, ಹಾಲಿನ ಬಲದಿಂದ ಎಷ್ಟು ನಿಂತಿತ್ತೋ ಯಾರಿಗೆ ಗೊತ್ತು?

ಸರ್ ಪಟ್ಟಿಯನ್ನು ಎರಡು ಸಲ ಓದಿದರು. ಹೊರಗೆ ಮಳೆ ಶೀಟಿನ ಮೇಲೆ ಬಡಿಯುತ್ತಿತ್ತು.

"ಮಗು ಹೇಗಿದೆ?"

"ಮನೆಗೆ ಬಂದಿದೆ ಸರ್."

"ಸಮಿತಿ ಬರುವುದು ಬರುವ ಸೋಮವಾರ." ಪಟ್ಟಿಯನ್ನು ಮಡಚಿ ಮೇಜಿನ ಮೇಲಿಟ್ಟರು. "ನಾವು ಸುಳ್ಳು ಹೇಳುವುದು ಬೇಡ. ಕಿಣ್ವದ ಹೆಸರು ಬರೆಯುತ್ತೇವೆ, ಅದರ ಜೊತೆ ಬೆರೆಸಿದ್ದನ್ನು ಯಾರೂ ಬರೆಯುವುದಿಲ್ಲ, ಪೇಪರುಗಳಲ್ಲಿ ನೋಡಿದ್ದೀಯಲ್ಲ. ಅವರು ಬಂದು ಹೋಗಲಿ. ಮರುದಿನವೇ ನಾನೇ ಆ ಮನೆಗೆ ಹೋಗಿ ಹೇಳುತ್ತೇನೆ. ಆರು ದಿನ ತಾನೇ?"

ಆರು ದಿನ ತಾನೇ ಎಂದು ನನಗೂ ಅನ್ನಿಸಿತು, ನಿಜ ಹೇಳಬೇಕು. ಮಗು ಉಳಿದಿದೆ. ಹಾಳೆ ಇನ್ನು ಅವಳ ಹತ್ತಿರ ಹೋಗುವುದಿಲ್ಲ. ಸರ್ ಅವರ ಮೂವತ್ತು ವರ್ಷ, ನನ್ನ ಮುಂದಿನ ಕೆಲಸ, ಎಲ್ಲ ಆ ಸೋಮವಾರದ ಮೇಲೆ ನಿಂತಿತ್ತು. ಆಯ್ತು ಸರ್ ಎಂದು ಹೊರಗೆ ಬಂದೆ.

ಆ ಶನಿವಾರ ಬೆಳಿಗ್ಗೆ ಲಲಿತಕ್ಕ ನಮ್ಮ ಮನೆಗೆ ಬಂದರು. ಅಮ್ಮ ಮೊರದಲ್ಲಿ ಬೀಡಿ ಎಲೆ ಕತ್ತರಿಸುತ್ತಾ ಕೂತಿದ್ದಳು.

"ಝೊಹರಾ ಕೆಲಸಕ್ಕೆ ಬರುದಿಲ್ಲ," ಎಂದರು ಲಲಿತಕ್ಕ. "ಅವಳ ಅತ್ತೆ ಬಿಡುದಿಲ್ಲವಂತೆ. ಕೆಲಸ ಕೆಲಸ ಅಂತ ಹೋಗಿ ಮಗುವನ್ನು ಕೊಲ್ಲಲಿಕ್ಕೆ ಹೊರಟೆ ಅಂತ ಬೈದದ್ದಂತೆ. ಅವಳಿಗೂ ಹಾಗೇ ಅನ್ನಿಸಿದೆ. ಬೆಳಿಗ್ಗೆ ಚಾ ಮಾಡಿದ ಕೈ ಸರಿ ತೊಳೆಯಲಿಲ್ಲವಾ ಅಂತ ಕೂತಲ್ಲಿ ನಿಂತಲ್ಲಿ ಅದೇ ಯೋಚನೆ. ಮತ್ತೆ ಆ ಮಗು, ಪಾಪ. ಡಾಕ್ಟರು ಕಾಯಿ ಕೊಡಬೇಡಿ ಅಂದರಲ್ಲ. ನಮ್ಮಲ್ಲಿ ಕಾಯಿ ಹಾಕದೆ ಎಂತ ಮಾಡ್ತಾರೆ ಹೇಳು? ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಮೀನಿಗೆ ಕಾಯಿ. ಆಸ್ಪತ್ರೆಯಿಂದ ಬಂದ ಲಾಗಾಯ್ತು ಗಂಜಿ, ಉಪ್ಪು. ಹಾಲೂ ಇಲ್ಲ, ಕಾಯಿಯೂ ಇಲ್ಲ. ಬಟ್ಟಲು ದೂಡಿ ಮಲಗ್ತದಂತೆ."

ಅಮ್ಮ ಕತ್ತರಿ ನಿಲ್ಲಿಸಿ ನನ್ನ ಮುಖ ನೋಡಿದಳು. ಅಮ್ಮನಿಗೆ ನಾನು ಏನನ್ನೂ ಹೇಳಿರಲಿಲ್ಲ. ಆದರೂ, "ನೀನು ಯಾಕೆ ಹೀಗೆ ಬೆವರ್ತಿ?" ಎಂದು ಕೇಳಿದಳು.

ನಾನು ಕೊಡೆ ತೆಗೆದುಕೊಂಡು ಎದ್ದೆ. ಝೊಹರಾಳ ಮನೆಗೆ ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನ ಮೇಲೆ, ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ಮೂರು ಸಲ ನಿಂತೆ. ಸೋಮವಾರ ಆಗಲಿ, ಮಂಗಳವಾರ ಹೇಳಿದರಾಯಿತು ಎಂದು ಪ್ರತಿಸಲ ಅನ್ನಿಸಿತು. ಪ್ರತಿಸಲವೂ ಇನ್ನೂ ಮೂರು ದಿನದ ಗಂಜಿ ಉಪ್ಪು ಎಂಬುದು ಎದುರು ಬಂದು ನಿಂತಿತು.

ಝೊಹರಾ ಜಗಲಿಯಲ್ಲೇ ಇದ್ದಳು. ಬಾಗಿಲ ಸಂದಿನಿಂದ ಅವಳ ಅತ್ತೆ ನೋಡುತ್ತಿದ್ದರು. ಫಿದಾ ಒಳಗೆ ಚಾಪೆಯ ಮೇಲೆ ಮಲಗಿ ಗೋಡೆ ನೋಡುತ್ತಿದ್ದಳು. ನಾನು ಕೂರಲಿಲ್ಲ.

"ಕಾಯಿಯಿಂದ ಆದದ್ದಲ್ಲ," ಎಂದೆ. "ನಿನ್ನಿಂದಲೂ ಅಲ್ಲ. ಹಾಳೆಯಲ್ಲಿ ಹಾಲಿನ ಪ್ರೋಟೀನ್ ಇತ್ತು. ಕಿಣ್ವದ ಪುಡಿಗೆ ಬೆರೆಸಿದ್ದರು. ನನಗೆ ಗೊತ್ತಿರಲಿಲ್ಲ. ನಾನು ವಿಚಾರಿಸಲಿಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಮೊಬೈಲಿನಲ್ಲಿ ಪಟ್ಟಿ ತೆಗೆದು ಆ ಮೊದಲ ಸಾಲು ತೋರಿಸಿದೆ, ಅದೇನೆಂದು ಹೇಳಿದೆ. ಬಾಗಿಲ ಹಿಂದಿನ ನೆರಳು ಅಲುಗಿತು.

"ಯಾವಾಗ ಗೊತ್ತಾದದ್ದು?" ಎಂದು ಝೊಹರಾ ಕೇಳಿದಳು.

"ಮಂಗಳವಾರ ಸಂಜೆ."

"ಇವತ್ತು ಶನಿವಾರ."

"ಹೌದು."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. "ನಾನು ಕೇಳಿದಾಗ ಗೊತ್ತಿಲ್ಲ ಅಂತ ಹೇಳಬಹುದಿತ್ತಲ್ಲ ಟೀಚರ್?" ಎಂದಳು. "ಗೊತ್ತಿಲ್ಲ ಅಂದಿದ್ದರೆ ನಾನು ಕೊಡುತ್ತಲೇ ಇರಲಿಲ್ಲ. ನೀವು ಇಲ್ಲ ಅಂದಿರಿ."

ಕ್ಷಮಿಸು ಎಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲಿನ ಆಚೆ ಅವಳು ಅತ್ತೆಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳುವುದು ಕೇಳಿಸಿತು. ಆಮೇಲೆ ಮುದುಕಿಯ ದನಿ, ಬೈಗುಳವಲ್ಲ, ಸಮಾಧಾನದ್ದು. ಮಳೆಯಲ್ಲಿ ನಿಂತು ನಾನು ಅಷ್ಟನ್ನು ಕೇಳಿಸಿಕೊಂಡು ಹಿಂದೆ ಬಂದೆ.

ಜಂಕ್ಷನ್ನಿನಿಂದಲೇ ಸರ್ ಅವರಿಗೆ ಫೋನ್ ಮಾಡಿ ತಿಳಿಸಿದೆ. "ಓಕೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟರು. ಅವರ ಸಿಟ್ಟಿನ ಭಾಷೆ.

ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಹೋದಾಗ ನಾನು ಸಜ್ಜು ಮಾಡಿಟ್ಟಿದ್ದ ನೀರಿನ ಬಟ್ಟಲು, ಅದರೊಳಗಿನ ಹಾಳೆಯ ತುಂಡು ಮೇಜಿನ ಮೇಲೆ ಇರಲಿಲ್ಲ. ಸರ್ ಬೂಟು ಹಾಕಿಕೊಂಡು, ಪ್ಯಾಂಟಿನ ಮಡಿಕೆ ಬಿಚ್ಚಿ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಹನ್ನೊಂದಕ್ಕೆ ಸಮಿತಿಯ ಮೂವರು ಬಂದರು. ಸರ್ ಎದ್ದು ಹಿಂಡಿಯಿಂದ ಶುರು ಮಾಡಿದರು, ಚಿತ್ರ ತೋರಿಸಿದರು, ಅಂಕಿ ತೋರಿಸಿದರು. ಅವರು ಮುಚ್ಚಿಟ್ಟರೆ ನಾನು ಎದ್ದು ಹೇಳಬೇಕೇ? ಹೇಳುವ ಧೈರ್ಯ ಇದೆಯೇ? ಎದುರಿನ ಕಾಗದದ ಅಂಚನ್ನು ಸಣ್ಣ ಸಣ್ಣ ಚೂರಾಗಿ ಹರಿಯುತ್ತಾ ಕೂತೆ.

ಗಟ್ಟಿತನದ ಅಂಕಿ ಬಂದಾಗ ಸಮಿತಿಯ ಹೆಂಗಸೊಬ್ಬರು, "ಬಹಳ ಚೆನ್ನಾಗಿದೆ" ಎಂದರು.

"ಚೆನ್ನಾಗಿದೆ, ಆದರೆ ಅದು ನಮ್ಮದಲ್ಲ," ಎಂದರು ಸರ್. ಆಮೇಲೆ ಪೊಟ್ಟಣದ ವಿಷಯ, ಪಟ್ಟಿಯ ವಿಷಯ, ಮಗುವಿನ ವಿಷಯ ಹೇಳಿದರು. "ತಿನ್ನುವ ಪರೀಕ್ಷೆಗೆ ಅನುಮತಿ ಇರಲಿಲ್ಲ. ಶೆಡ್ಡಿನಲ್ಲಿ ಆ ಎಚ್ಚರಿಕೆ ಬರೆದು ಹಾಕಬೇಕಾದದ್ದು ನಾನು. ಹಾಕಲಿಲ್ಲ." ನನ್ನ ಬಾಯಿಂದ ಬಂದ ಮಾತಿನ ಬಗ್ಗೆ ಏನೂ ಹೇಳಲಿಲ್ಲ. ನಾನೇ ಎದ್ದು ಅದನ್ನೂ ಹೇಳಿದೆ. ಎರಡು ಸಲ ತಡವರಿಸಿದೆ.

ಪ್ರಾಜೆಕ್ಟ್ ಮುಂದುವರಿಯಲಿಲ್ಲ. ಹೊರಗಿನ ಪರೀಕ್ಷೆ ಅಂದೇ ನಿಂತಿತು. ಇರುವ ಎರಡು ತಿಂಗಳಲ್ಲಿ ಶುದ್ಧ ಕಿಣ್ವದಿಂದ ಮತ್ತೆ ಅಳೆದು ವರದಿ ಕೊಡಿ ಎಂದರು. ಬಂದರಿನಲ್ಲಿದ್ದ ಡಬ್ಬಿ ಆಗಸ್ಟಿನಲ್ಲಿ ಬಂತು. ಅದರಿಂದ ಮಾಡಿದ ಹಾಳೆ ನೀರಿನಲ್ಲಿ ರಾತ್ರಿ ಕಳೆಯಲಿಲ್ಲ, ಮಧ್ಯಾಹ್ನದೊಳಗೆ ಅಂಚು ಬಿಟ್ಟಿತು. ಹಿಂಡಿಯ ಪ್ರೋಟೀನನ್ನು ಮೊದಲು ಹೆಚ್ಚು ಹೊತ್ತು ಬಿಸಿ ಮಾಡಿ ಎಳೆ ಬಿಡಿಸಿಕೊಂಡರೆ ಕಿಣ್ವ ಸ್ವಲ್ಪ ಹೆಚ್ಚು ಹೊಲಿಯುತ್ತದೆ ಎಂದು ಕಂಡುಕೊಂಡೆವು. ಆಗ ಹಾಳೆ ಸಂಜೆಯವರೆಗೆ ನಿಂತಿತು. ಅಷ್ಟನ್ನೇ ಬರೆದೆವು, ಪುಡಿಯಲ್ಲಿ ಏನೇನಿದೆ ಎಂಬುದನ್ನೂ ಬರೆದೆವು. ಕೊನೆಯ ಪುಟಕ್ಕೆ ಸಹಿ ಹಾಕುವಾಗ ಸರ್, "ನೀನು ಹೇಳಿದ್ದಕ್ಕೆ ಸಿಟ್ಟು ಬಂದದ್ದಲ್ಲ ಮಾರಾಯ್ತಿ, ನನಗಿಂತ ಮೊದಲು ಹೇಳಿದೆಯಲ್ಲ, ಅದಕ್ಕೆ" ಎಂದರು. ಈಗ ನಾನು ಒಂದು ಆಹಾರ ಪರೀಕ್ಷಾ ಲ್ಯಾಬಿನಲ್ಲಿದ್ದೇನೆ. ಪೊಟ್ಟಣದ ಮೇಲೆ ಬರೆದದ್ದು ಒಳಗೂ ಅಷ್ಟೇ ಉಂಟಾ ಎಂದು ನೋಡುವುದು ನನ್ನ ಕೆಲಸ.

ಅದೇ ವರ್ಷ ಓಣಂ ರಜೆ ಮುಗಿದ ವಾರ ಝೊಹರಾಳ ಫೋನ್ ಬಂತು. ಫಿದಾಳನ್ನು ಮೊದಲಿನಿಂದ ನೋಡುತ್ತಿದ್ದ ಮಕ್ಕಳ ಡಾಕ್ಟರು ಕಾಸರಗೋಡಿನಲ್ಲಿದ್ದರು. ನನ್ನ ಪಟ್ಟಿ ನೋಡಿದ ಮೇಲೆ ಅವರು, ಇಂಥ ಅಲರ್ಜಿ ಆದ ಮೇಲೆ ಕಾಯಬೇಕಾದ ಒಂದು ತಿಂಗಳು ಕಾದು ಚರ್ಮದ ಪರೀಕ್ಷೆ ಮಾಡಿ, ಕಾಯಿಯಿಂದ ತೊಂದರೆ ಕಾಣುವುದಿಲ್ಲ ಎಂದಿದ್ದರಂತೆ. ಆದರೂ ಮನೆಯಲ್ಲಿ ಕೊಡಬೇಡಿ, ಇಲ್ಲೇ ತಿನ್ನಿಸಿ ನೋಡುವ ಎಂದಿದ್ದರಂತೆ. "ನೀವೂ ಬನ್ನಿ," ಎಂದಳು ಝೊಹರಾ. ಕರೆದದ್ದಲ್ಲ, ಹೇಳಿದ್ದು.

ಕಾಸರಗೋಡಿಗೆ ಝೊಹರಾ ತಂದ ಸ್ಟೀಲ್ ಡಬ್ಬಿಯಲ್ಲಿ ಬೆಳಿಗ್ಗೆ ತುರಿದ ಕಾಯಿ ಇತ್ತು. ಡಾಕ್ಟರು ಪಕ್ಕದಲ್ಲಿ ಇಂಜೆಕ್ಷನ್ ತುಂಬಿಸಿಟ್ಟುಕೊಂಡು, ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ಫಿದಾಳ ಬಾಯಿಯ ಹತ್ತಿರ ಹಿಡಿದರು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಬೇಡ. ಉಸಿರು ಕಟ್ತದೆ."

ತಾಯಿ ಹೇಳಿದಳು, ನರ್ಸ್ ಹೇಳಿದಳು. ತಲೆ ಅಲ್ಲಾಡಿಸಿದಳೇ ಹೊರತು ಕೈ ತೆಗೆಯಲಿಲ್ಲ. ಕೊನೆಗೆ ನನ್ನನ್ನು ನೋಡಿ, "ನೀವು ತಿನ್ನಿ" ಎಂದಳು.

ನಾನು ಒಂದು ಚಮಚ ತಿಂದೆ. ಫಿದಾ ಬೆಂಚಿನ ಮೇಲೆ ಹತ್ತಿ ನಿಂತು ನನ್ನ ತುಟಿ ನೋಡಿದಳು. ಬೆರಳಿನಿಂದ ಮೇಲಿನ ತುಟಿ ಒತ್ತಿದಳು, ಕತ್ತು ನೋಡಿದಳು, ಮೂಗಿನ ಹತ್ತಿರ ಕಿವಿ ಇಟ್ಟು ಉಸಿರು ಕೇಳಿದಳು. ಡಾಕ್ಟರು ಅವಸರ ಮಾಡಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಕಳೆಯಿತು. ಆಮೇಲೆ ಅವಳು ತಾನಾಗಿಯೇ ಬಾಯಿ ತೆರೆದಳು.

ಚಮಚದ ತುದಿಯಷ್ಟು. ಕಾಲು ಗಂಟೆ ಕಾದೆವು. ಅರ್ಧ ಚಮಚ. ಮತ್ತೆ ಕಾದೆವು. ಒಂದು ಚಮಚ. ಎರಡು ಗಂಟೆ ನಾನೂ ಝೊಹರಾಳೂ ಒಂದೇ ಬೆಂಚಿನಲ್ಲಿ ಕೂತು ಆ ತುಟಿಗಳನ್ನು ನೋಡಿದೆವು. ಒಮ್ಮೆ ಫಿದಾ ಕೆಮ್ಮಿದಳು. ನಾವಿಬ್ಬರೂ ಒಟ್ಟಿಗೆ ಎದ್ದು ನಿಂತೆವು. ಅದು ಬರೀ ಕೆಮ್ಮು. ಕೊನೆಗೆ ಡಾಕ್ಟರು ಕಾಯಿ ಧಾರಾಳ ಕೊಡಿ ಎಂದು ಎದ್ದುಹೋದರು. ಫಿದಾ ಡಬ್ಬಿಯಲ್ಲಿ ಉಳಿದದ್ದನ್ನು ಕೈಯಿಂದಲೇ ಬಾಚಿ ತಿನ್ನತೊಡಗಿದಳು. ಝೊಹರಾ ಶಾಲಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಜೀಪಿನಲ್ಲಿ ಅಳದವಳು, ಕ್ಲಿನಿಕ್ಕಿನಲ್ಲಿ ಅಳದವಳು.

ಹಿಂದೆ ಬರುವಾಗ ಬಸ್ಸಿನಲ್ಲಿ ಅವಳು ಹೇಳಿದಳು. "ಸೋಮವಾರದಿಂದ ನಾನು ಕೆಲಸಕ್ಕೆ ಹೋಗ್ತೇನೆ. ನೀವು ಸ್ವಲ್ಪ ಸಮಯ ಶೆಡ್ಡಿನ ಕಡೆ ಬರ್ಬೇಡಿ ಟೀಚರ್. ನನಗೆ ಇನ್ನೂ ಸಿಟ್ಟು ಉಂಟು. ಅದು ಹೋದಾಗ ನಾನೇ ಹೇಳ್ತೇನೆ."

ಆಯ್ತು ಎಂದೆ. ಹೋಗಲಿಲ್ಲ. ದಾರಿಯಲ್ಲಿ ಸಿಕ್ಕಿದರೆ ತಲೆಯಾಡಿಸುತ್ತಿದ್ದಳು, ಅಷ್ಟೇ. ಮಳೆ ಮುಗಿಯಿತು, ಗದ್ದೆ ಕೊಯ್ಲಾಯಿತು, ನಾನು ಹೊಸ ಕೆಲಸಕ್ಕೆ ಸೇರಿದೆ. ಮರುವರ್ಷ ರಂಜಾನಿನ ನೋಂಬು ಮುಗಿದು ಪೆರ್ನಾಲ್ ಹಬ್ಬ ಬರಲು ಎರಡು ದಿನ ಇರುವಾಗ ಫೋನ್ ಬಂತು.

"ಪೆರ್ನಾಲಿನ ದಿನ ಮಧ್ಯಾಹ್ನ ಊಟಕ್ಕೆ ಬನ್ನಿ," ಎಂದಳು ಝೊಹರಾ. "ಅಮ್ಮನನ್ನೂ ಕರ್ಕೊಂಡು ಬನ್ನಿ. ಎಲ್ಲದಕ್ಕೂ ಕಾಯಿ ಹಾಕ್ತೇನೆ, ಆಗ್ತದಲ್ಲ?"

"ಆಗ್ತದೆ," ಎಂದೆ.